ಹಳೆಯ ಬಂದೂಕಿನ ನೀಲಿ: ಹುಟ್ಟುವ ಬಗೆ, ಉಳಿಸುವ ಬಗೆ

ಚುನಾವಣೆ ಮುಗಿದು, ಠಾಣೆಯಲ್ಲಿಟ್ಟ ಬಂದೂಕು ತಿರುಗಿ ಮನೆಗೆ ಬಂದಾಗ ಹಾನಗಲ್ಲ, ಹಿರೇಕೆರೂರು ಕಡೆ ಕೇಳಿಬರುವ ಮೊದಲ ಮಾತು ಇದು: "ಬಣ್ಣಾ ಹೋಗೇತ್ರೀ, ಹೊಸಾದು ಹೊಡಸ್ಬೇಕು." ನಳಿಗೆಯ ಮೇಲೆ ಅಲ್ಲಲ್ಲಿ ಕಂದು ಮಚ್ಚೆ, ಕೈ ಹಿಡಿಯುವಲ್ಲಿ ಬೂದು ಬಣ್ಣ. ಅಜ್ಜನ ಕಾಲದ ಬಂದೂಕು, ಹಾಗೇ ಬಿಡಲು ಮನಸ್ಸು ಬರುವುದಿಲ್ಲ. ಲೇತ್ ಅಂಗಡಿಯಲ್ಲಿ ಬಫ್ ಹೊಡೆಸಿದರೆ ಫಳಫಳ ಆಗುತ್ತದೆ ಎಂದು ಒಬ್ಬರು ಹೇಳುತ್ತಾರೆ, ಕರಿ ಸ್ಪ್ರೇ ಪೇಂಟ್ ಸಾಕು ಎಂದು ಇನ್ನೊಬ್ಬರು. ದಯವಿಟ್ಟು ಎರಡೂ ಬೇಡ. ಯಾಕೆ ಬೇಡ ಎಂದು ತಿಳಿಯಬೇಕಾದರೆ ಆ ನೀಲಿಗಪ್ಪು ಯಾವುದರಿಂದ ಆಗಿದೆ, ಕಾರ್ಖಾನೆಯಲ್ಲಿ ಅದನ್ನು ಹೇಗೆ ಬರಿಸಿದರು ಎಂಬುದನ್ನು ಮೊದಲು ನೋಡಬೇಕು.

ಹಾನಗಲ್ಲ, ಹಿರೇಕೆರೂರು, ಶಿಗ್ಗಾವಿ, ಸವಣೂರು, ನಮ್ಮ ಈ ನಾಲ್ಕು ತಾಲ್ಲೂಕುಗಳಿಗೆ ಈ ವಿಷಯ ವಿಶೇಷವಾಗಿ ಬೇಕು. ಮಾದರಿ ನೀತಿಸಂಹಿತೆ ಜಾರಿಯಾದಾಗ ಜಿಲ್ಲಾಡಳಿತದ ಆದೇಶದಂತೆ ಪರವಾನಗಿ ಬಂದೂಕುಗಳನ್ನು ಠಾಣೆಗೆ ಒಪ್ಪಿಸುವುದು ರೂಢಿ. ಎಲ್ಲ ಕಡೆಯಂತೆ ಇಲ್ಲಿಯೂ ವಿಧಾನಸಭೆ, ಲೋಕಸಭೆ ಚುನಾವಣೆಗಳು ಬಂದವು. ಅವುಗಳ ಮೇಲೆ 2019ರ ಡಿಸೆಂಬರ್ 5ರಂದು ಹಿರೇಕೆರೂರಿಗೆ, 2021ರ ಅಕ್ಟೋಬರ್ 30ರಂದು ಹಾನಗಲ್ಲಿಗೆ, 2024ರ ನವೆಂಬರ್ 13ರಂದು ಶಿಗ್ಗಾವಿಗೆ ಉಪಚುನಾವಣೆಗಳೂ ಬಂದವು. ಸವಣೂರು ಶಿಗ್ಗಾವಿ ಕ್ಷೇತ್ರದಲ್ಲೇ ಸೇರಿದೆ. ಮೂರೂ ಉಪಚುನಾವಣೆ ಮಳೆಗಾಲದ ಬೆನ್ನಿಗೇ ಬಂದವು ಎಂಬುದನ್ನು ಗಮನಿಸಿ. ಗೋಡೆಗಳಲ್ಲಿ ಇನ್ನೂ ತೇವ ಇರುವ ಕಾಲ ಅದು. ಮನೆಯಲ್ಲಿ ವಾರಕ್ಕೊಮ್ಮೆ ಒರೆಸಿಕೊಳ್ಳುತ್ತಿದ್ದ ಬಂದೂಕು ವಾರಗಟ್ಟಲೆ ಯಾರ ಕೈಯೂ ತಾಗದೆ ನಿಂತರೆ, ಅದು ಯಾರ ಕೊಠಡಿಯೇ ಆಗಿರಲಿ, ಕಬ್ಬಿಣ ತನ್ನ ಗುಣ ತೋರಿಸುತ್ತದೆ.

ಕಬ್ಬಿಣಕ್ಕೆ ತುಕ್ಕು ಒಂದೇ ಬಗೆಯದಲ್ಲ. ನೀರು ಮತ್ತು ಗಾಳಿ ಸೇರಿ ಹುಟ್ಟಿಸುವ ಕೆಂಪು ತುಕ್ಕು ಸಡಿಲ, ಪುಡಿಪುಡಿ. ಅದು ತೇವವನ್ನು ಹೀರಿ ಹಿಡಿದುಕೊಂಡು ಕೆಳಗಿನ ಉಕ್ಕನ್ನು ಇನ್ನೂ ತಿನ್ನಲು ದಾರಿ ಮಾಡಿಕೊಡುತ್ತದೆ. ಇನ್ನೊಂದು ಕಪ್ಪು ಆಕ್ಸೈಡ್, ಅಂದರೆ ಮ್ಯಾಗ್ನೆಟೈಟ್. ಅಯಸ್ಕಾಂತದ ಗುಣವುಳ್ಳ ಕಬ್ಬಿಣದ ಅದಿರು ಇದೇ ಪದಾರ್ಥ. ಇದು ಗಟ್ಟಿ, ದಟ್ಟ, ಉಕ್ಕಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಂದೂಕಿನ ನೀಲಿ ಎಂದರೆ ಕಾರ್ಖಾನೆಯವರು ಬೇಕೆಂದೇ, ಲೆಕ್ಕ ಹಿಡಿದು ಬೆಳೆಸಿದ ಈ ಕಪ್ಪು ಆಕ್ಸೈಡಿನ ಪದರ. ಮೇಲಿನಿಂದ ಬಳಿದ ಯಾವ ವಸ್ತುವೂ ಅದರಲ್ಲಿಲ್ಲ. ನಳಿಗೆಯ ಉಕ್ಕೇ ತನ್ನ ಮೇಲ್ಮೈಯನ್ನು ಕೊಟ್ಟು ಆ ಪದರವಾಗಿದೆ. ದಪ್ಪ ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು, ಹೆಚ್ಚೆಂದರೆ ಅದರ ಎರಡು ಮೂರು ಪಟ್ಟು. ಬಫ್ ಚಕ್ರ ಇದನ್ನು ಕ್ಷಣದಲ್ಲಿ ಕಿತ್ತುಹಾಕುತ್ತದೆ.

ಇಷ್ಟು ತೆಳ್ಳಗಿನ ಪದರ ತುಕ್ಕನ್ನು ತಾನೇ ತಡೆಯುತ್ತದೆ ಎಂದುಕೊಂಡರೆ ತಪ್ಪಾಗುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಆ ರಂಧ್ರಗಳಲ್ಲಿ ಎಣ್ಣೆ ಕೂತರೆ ಮಾತ್ರ ರಕ್ಷಣೆ. ಬರಿ ಉಕ್ಕಿನ ಮೇಲೆ ಎಣ್ಣೆ ನಿಲ್ಲುವುದಕ್ಕಿಂತ ಈ ಪದರದ ಮೇಲೆ ಹೆಚ್ಚು ಕಾಲ ನಿಲ್ಲುತ್ತದೆ. ನೀಲಿಯೂ ಎಣ್ಣೆಯೂ ಜೋಡಿಯಾಗಿ ಕೆಲಸ ಮಾಡುತ್ತವೆ, ಒಂದನ್ನು ಬಿಟ್ಟರೆ ಇನ್ನೊಂದು ಅರ್ಧ. ಜೊತೆಗೆ ಬೇಟೆಗಾರನಿಗೆ ಬೇಕಾಗಿದ್ದ ಇನ್ನೊಂದು ಉಪಕಾರವನ್ನೂ ಅದು ಮಾಡುತ್ತಿತ್ತು. ಬಿಳಿ ಉಕ್ಕಿನಂತೆ ಬಿಸಿಲಿಗೆ ಮಿಂಚಿ ಪ್ರಾಣಿಯನ್ನು ಎಚ್ಚರಿಸುತ್ತಿರಲಿಲ್ಲ.

ಉಕ್ಕಿಗೆ ಬಣ್ಣ ಬರುವ ಸಂಗತಿ ನಮ್ಮೂರ ಕಮ್ಮಾರರಿಗೆ ಹೊಸತಲ್ಲ. ಕುಡುಗೋಲು, ಕೊಡಲಿ, ಉಳಿಗಳಿಗೆ ಹದ ಕೊಡುವಾಗ ಅವರು ನೋಡುವುದು ಬಣ್ಣವನ್ನೇ. ಉಜ್ಜಿ ಬಿಳಿ ಮಾಡಿದ ಉಕ್ಕನ್ನು ನಿಧಾನ ಕಾಯಿಸಿದರೆ ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಹಳದಿ ಮೂಡುತ್ತದೆ. 260ರ ಹೊತ್ತಿಗೆ ಕಂದು, 280ರ ಹೊತ್ತಿಗೆ ನೇರಳೆ, 300ರ ಹತ್ತಿರ ಅಚ್ಚ ನೀಲಿ. ಇನ್ನೂ ಕಾಯಿಸಿದರೆ ಬೂದಿಗೆ ತಿರುಗಿ ಹದ ಕೆಡುತ್ತದೆ. ತಾಪಮಾಪಕವಿಲ್ಲದೆ ಕುಲುಮೆಯ ಮುಂದೆ ಕೂತು ಹತ್ತಿಪ್ಪತ್ತು ಡಿಗ್ರಿಯ ವ್ಯತ್ಯಾಸವನ್ನು ಕಣ್ಣಲ್ಲೇ ಹಿಡಿಯುವ ಈ ವಿದ್ಯೆಯ ಬಗ್ಗೆ ನನಗೆ ಬಹಳ ಗೌರವ. ಈ ಬಣ್ಣಗಳು ಹುಟ್ಟುವುದು ಆಕ್ಸೈಡಿನ ಅತಿ ತೆಳು ಪದರದ ಮೇಲ್ಭಾಗದಿಂದ ಮತ್ತು ತಳದಿಂದ ಮರಳುವ ಬೆಳಕು ಒಂದರ ಮೇಲೊಂದು ಬಿದ್ದು, ಕೆಲವು ಬಣ್ಣ ಅಳಿದು ಕೆಲವು ಉಳಿಯುವುದರಿಂದ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಕೋಟೆಯೊಳಗೆ, 2006ರಲ್ಲಿ ರಕ್ಷಿತ ತಾಣವಾದ ನವಿಲುಧಾಮದಲ್ಲಿ ಓಡಾಡುವ ನವಿಲುಗಳ ಕೊರಳಿನ ನೀಲಿಯೂ ಇದೇ ಜಾತಿಯದು. ಗರಿಯಲ್ಲಿ ನೀಲಿ ವರ್ಣದ್ರವ್ಯ ಇಲ್ಲ, ಅದರ ಸೂಕ್ಷ್ಮ ರಚನೆ ಬೆಳಕನ್ನು ಹಾಗೆ ಮರಳಿಸುತ್ತದೆ.

ಬಂದೂಕು ಕಾರ್ಖಾನೆಗಳು ಸಣ್ಣ ಭಾಗಗಳಿಗೆ ಈ ಬಿಸಿಯ ನೀಲಿಯನ್ನೇ ಬಳಸಿದವು. ಸ್ಕ್ರೂ, ಸ್ಪ್ರಿಂಗು, ತೋಟಾ ತುಂಬುವ ಬಾಗಿಲಿನಂಥವನ್ನು ಚೆನ್ನಾಗಿ ಹೊಳಪು ಮಾಡಿ, ಕರಗಿದ ಪೆಟ್ಲುಪ್ಪಿನಲ್ಲಿ ಸುಮಾರು 300 ಡಿಗ್ರಿಗೆ ಅದ್ದಿ ತೆಗೆಯುತ್ತಿದ್ದರು. ನವಿಲುಗೊರಳಿನಂಥ ಹೊಳೆಯುವ ನೀಲಿ ಬರುತ್ತಿತ್ತು. ನೋಡಲು ಇದಕ್ಕಿಂತ ಚೆಂದದ ನೀಲಿ ಇನ್ನೊಂದಿಲ್ಲ, ಬಾಳಿಕೆಯಲ್ಲಿ ಇದಕ್ಕಿಂತ ಬಡವೂ ಇನ್ನೊಂದಿಲ್ಲ. ಪದರ ಮೈಕ್ರಾನಿನ ಸಣ್ಣ ಭಾಗದಷ್ಟೇ ಇರುವುದರಿಂದ ಬೆರಳಿನ ತಿಕ್ಕಾಟಕ್ಕೇ ಸವೆಯುತ್ತದೆ. ಹಳೆಯ ರೈಫಲ್ಲಿನ ಸ್ಕ್ರೂ ತಲೆಯ ಸೀಳಿನೊಳಗೆ ಒಂದು ಚೂರು ಅಚ್ಚನೀಲಿ ಉಳಿದಿದ್ದರೆ ಅದನ್ನು ಉಜ್ಜಬೇಡಿ, ಕಾರ್ಖಾನೆಯ ಮೂಲ ಕೆಲಸದ ಸಾಕ್ಷಿ ಅದು.

ನಳಿಗೆಯ ಕಥೆ ಬೇರೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೆ ಒಳ್ಳೆಯ ನಳಿಗೆಗೆ ನೀಲಿ ಬರುತ್ತಿದ್ದುದು ತುಕ್ಕಿನಿಂದಲೇ. ನಳಿಗೆಯನ್ನು ಕೈಯಿಂದ ಉಜ್ಜಿ ನುಣುಪು ಮಾಡುತ್ತಾರೆ. ಜಿಡ್ಡಿನ ಸುಳಿವೂ ಇಲ್ಲದಂತೆ ತೊಳೆಯುತ್ತಾರೆ, ಬೆರಳಚ್ಚು ಬಿದ್ದರೂ ಆ ಜಾಗ ಬೇರೆಯಾಗಿಯೇ ಕಾಣುತ್ತದೆ. ಮೇಲೆ ಆಮ್ಲದ ಅಂಶವಿರುವ ದ್ರಾವಣವನ್ನು ತೆಳ್ಳಗೆ ಸವರಿ, ತೇವ ತುಂಬಿದ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಇಡೀ ನಳಿಗೆಯ ಮೇಲೆ ಮಖಮಲ್ಲಿನಷ್ಟು ನಯವಾದ ಕೆಂಪು ತುಕ್ಕು ಏಳುತ್ತದೆ. ಆಗ ಅದನ್ನು ಶುದ್ಧ ನೀರಿನಲ್ಲಿ ಕುದಿಸುತ್ತಾರೆ. ಕುದಿಯುವ ನೀರಿನಲ್ಲಿ ಗಾಳಿಯ ಅಂಶ ಕಡಿಮೆ, ಬಿಸಿ ಹೆಚ್ಚು. ಕೆಂಪು ತುಕ್ಕು ಕಪ್ಪು ಮ್ಯಾಗ್ನೆಟೈಟ್ ಆಗಿ ಬದಲಾಗುತ್ತದೆ. ನಯವಾದ ತಂತಿ ಬ್ರಷ್ಷಿನಿಂದ ಸಡಿಲ ಕಪ್ಪನ್ನು ಉದುರಿಸಿದರೆ ಕೆಳಗೆ ಗಟ್ಟಿಯಾಗಿ ಕೂತ ಬೂದುನೀಲಿ ತೋರುತ್ತದೆ. ಮತ್ತೆ ಸವರು, ಮತ್ತೆ ತುಕ್ಕು, ಮತ್ತೆ ಕುದಿ, ಮತ್ತೆ ಬ್ರಷ್ಷು. ಐದಾರು ಸಲ, ಕೆಲವೊಮ್ಮೆ ಹತ್ತು ಸಲ. ಒಂದು ಬಂದೂಕಿಗೆ ದಿನಗಟ್ಟಲೆ ಹಿಡಿಯುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆರಿದ್ರ, ಪುನರ್ವಸು ಮಳೆಯಲ್ಲಿ ಹಾನಗಲ್ಲಿನ ಮನೆಯೊಳಗಿನ ಗಾಳಿ ಆ ತೇವದ ಪೆಟ್ಟಿಗೆಯ ಗಾಳಿಗಿಂತ ತುಂಬಾ ಭಿನ್ನವಲ್ಲ. ಗಾಳಿಯ ಆರ್ದ್ರತೆ ನೂರಕ್ಕೆ 60 ದಾಟಿದರೆ ಉಕ್ಕಿಗೆ ತುಕ್ಕು ಹಿಡಿಯುವ ವೇಗ ಏರುತ್ತದೆ. ಬಂದೂಕಿನ ಮೇಲೆ ಮಳೆಗಾಲ ಮಾಡುವುದೂ ಕಸುಬುದಾರ ಮಾಡುವುದೂ ಮೊದಲ ಅರ್ಧದಲ್ಲಿ ಒಂದೇ ಕೆಲಸ. ಅವನು ಸರಿಯಾದ ಹೊತ್ತಿಗೆ ತುಕ್ಕನ್ನು ನಿಲ್ಲಿಸಿ, ಕುದಿಸಿ ಕಪ್ಪಾಗಿಸುತ್ತಾನೆ. ಮಳೆಗಾಲಕ್ಕೆ ನಿಲ್ಲಿಸುವವರಿಲ್ಲ. ಅರೆಮಲೆನಾಡಿನ ಹಾನಗಲ್ಲಿನಲ್ಲಿ ವಾರಕ್ಕೊಮ್ಮೆ ಬೇಕಾದ ಆರೈಕೆ ಬಯಲುಸೀಮೆಯ ಸವಣೂರಿನಲ್ಲಿ ಅಷ್ಟು ಸಲ ಬೇಡವಾಗುವುದೂ ಇದೇ ಕಾರಣಕ್ಕೆ.

ಲಿವರ್ ಎಳೆದು ತೋಟಾ ಏರಿಸುವ ಅಮೆರಿಕದ ಬೇಟೆ ರೈಫಲ್ಲುಗಳ ನೀಲಿಯ ಬಗ್ಗೆ ಕೇಳುವವರು ನಮ್ಮಲ್ಲಿ ಇದ್ದಾರೆ, ಅದಕ್ಕೆ ಒಬ್ಬ ಬೆಂಗಳೂರಿಗರೂ ಕಾರಣ. ಕೆನೆತ್ ಆ್ಯಂಡರ್ಸನ್, 1910ರಿಂದ 1974ರವರೆಗೆ ಬದುಕಿದ ಬೇಟೆಗಾರ, ಲೇಖಕ. ಅವರ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕಥೆಗಳು' ಸರಣಿಯಲ್ಲಿ ಕನ್ನಡಕ್ಕೆ ತಂದ ಮೇಲೆ ಅವರು ಬೆನ್ನಟ್ಟಿದ ನರಭಕ್ಷಕಗಳು ನಮ್ಮ ಊರಿನವೇ ಆದವು. ಆ್ಯಂಡರ್ಸನ್ ಹಿಡಿಯುತ್ತಿದ್ದುದು .405 ವಿಂಚೆಸ್ಟರ್. ಜಾನ್ ಬ್ರೌನಿಂಗ್ ರೂಪಿಸಿದ 1895ರ ಮಾದರಿ ಅದು. ಅದಕ್ಕೆ .405 ತೋಟಾ ಬಂದದ್ದು 1904ರಲ್ಲಿ. ಹಿಂದಿನ ಲಿವರ್ ರೈಫಲ್ಲುಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಸಾಲಾಗಿ ಇರುತ್ತಿದ್ದವು. ಈ ಮಾದರಿಯಲ್ಲಿ ಅವು ಲಿವರಿನ ಮುಂದಿನ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಕೂರುತ್ತವೆ. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಆಫ್ರಿಕಾದ ಬೇಟೆಗೆ ಒಯ್ದದ್ದೂ ಇದೇ .405.

ಆ ಕಾಲದ ವಿಂಚೆಸ್ಟರ್ ಕಾರ್ಖಾನೆಯಲ್ಲಿ ಒಂದೇ ರೈಫಲ್ಲಿಗೆ ಒಂದೇ ನೀಲಿ ಇರುತ್ತಿರಲಿಲ್ಲ. ನಳಿಗೆಗೆ ಮೇಲೆ ಹೇಳಿದ ನಿಧಾನದ ತುಕ್ಕುನೀಲಿ. ರಿಸೀವರ್, ಅಂದರೆ ಯಂತ್ರಭಾಗ ಕೂತ ಚೌಕ ಪೆಟ್ಟಿಗೆಗೆ, ಕುಲುಮೆಯ ಶಾಖದಲ್ಲಿ ಇದ್ದಿಲು ಮತ್ತು ಎಣ್ಣೆಯ ಹೊಗೆ ಸೇರಿಸಿ ಬರಿಸಿದ ಹೊಳಪಿನ ನೀಲಿ. ಕೆಲವು ಮಾದರಿಗಳ ಲಿವರಿಗೆ, ಕುದುರೆಗೆ, ಅಂದರೆ ತೋಟಾ ಸಿಡಿಸಲು ಬಡಿಯುವ ಸುತ್ತಿಗೆಗೆ, ನೀಲಿಯೇ ಅಲ್ಲ. ಮೂಳೆಯ ಮತ್ತು ಮರದ ಇದ್ದಿಲಿನಲ್ಲಿ ಹೂತು ಕಾಯಿಸಿ ನೀರಿಗೆ ಬಿಟ್ಟಾಗ ಮೋಡದ ಹಾಗೆ ಹರಡುವ ನೀಲಿ, ಕಂದು, ಬೂದು ಬಣ್ಣಗಳು. ಉಕ್ಕಿನ ಮೇಲ್ಮೈಯನ್ನು ಗಡಸು ಮಾಡಲು ಮಾಡಿದ ಕೆಲಸ ಅದು, ಬಣ್ಣ ಅದರ ಜೊತೆಗೆ ಬಂದದ್ದು. ಹಾಗಾಗಿ ಹಳೆಯ ಲಿವರ್ ರೈಫಲ್ಲನ್ನು ಬೆಳಕಿಗೆ ಹಿಡಿದಾಗ ನಳಿಗೆ ಒಂದು ಛಾಯೆ, ರಿಸೀವರ್ ಇನ್ನೊಂದು ಛಾಯೆ ಕಂಡರೆ ಯಾರೋ ಬದಲಿ ಭಾಗ ಹಾಕಿದ್ದಾರೆ ಎಂದು ಗಾಬರಿಯಾಗಬೇಕಿಲ್ಲ. ಹಾಗೆ ಕಾಣುವುದೇ ಸರಿ. ಎಲ್ಲ ಭಾಗವೂ ಒಂದೇ ಕರಿ ಹೊಳಪಿನಲ್ಲಿ ಇದ್ದರೆ ಅನುಮಾನ ಪಡಬೇಕು.

ಇನ್ನೊಂದು ಸಂಗತಿ. ಮೊದಲ ಮಹಾಯುದ್ಧದ ಆಚೀಚೆಯಿಂದ ಸುಮಾರು 1930ರ ದಶಕದವರೆಗಿನ ವಿಂಚೆಸ್ಟರ್ ರಿಸೀವರುಗಳಲ್ಲಿ ನೀಲಿ ಸವೆಯುವುದಿಲ್ಲ, ಹಕ್ಕಳೆಯಾಗಿ ಏಳುತ್ತದೆ. ನಿಕಲ್ ಬೆರೆತ ಆ ಉಕ್ಕು ಆಕ್ಸೈಡನ್ನು ಬಿಗಿಯಾಗಿ ಹಿಡಿಯುತ್ತಿರಲಿಲ್ಲ. ಅಂಥ ರಿಸೀವರ್ ಬೆಳ್ಳಗೆ, ನಡುನಡುವೆ ನೀಲಿ ದ್ವೀಪಗಳು ಉಳಿದಂತೆ ಕಾಣುತ್ತದೆ. ಮಾಲೀಕರ ಅಲಕ್ಷ್ಯ ಅದಕ್ಕೆ ಕಾರಣವಲ್ಲ. ಉಳಿದ ನೀಲಿಯನ್ನು ಉಜ್ಜಿ ತೆಗೆದು ಸಮ ಮಾಡಲು ಹೋಗುವುದು ಮಾತ್ರ ಅಲಕ್ಷ್ಯಕ್ಕಿಂತ ಕೆಟ್ಟದ್ದು.

1930ರ ದಶಕದ ಕೊನೆಗೆ ಕಾರ್ಖಾನೆಗಳು ಬಿಸಿ ಲವಣದ ವಿಧಾನಕ್ಕೆ ತಿರುಗಿದವು. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ಸಾಂದ್ರ ದ್ರಾವಣ 140 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತಿರುವಾಗ ಭಾಗಗಳನ್ನು ಅದ್ದಿದರೆ ಅರ್ಧ ಗಂಟೆಯಲ್ಲಿ ದಟ್ಟ ಕರಿನೀಲಿ ತಯಾರು. ದಿನಗಟ್ಟಲೆಯ ಕೆಲಸ ನಿಮಿಷಗಳಿಗೆ ಇಳಿಯಿತು. ಯುದ್ಧಕಾಲದ ಉತ್ಪಾದನೆಗೆ ಇದು ಬೇಕೇ ಇತ್ತು. ಇಂದು ಕಾರ್ಖಾನೆಯಲ್ಲಿ ನೀಲಿ ಕೊಟ್ಟ ಬಹುತೇಕ ಬಂದೂಕುಗಳ ಕಪ್ಪು ಈ ಬಿಸಿ ಲವಣದ ತೊಟ್ಟಿಯಿಂದಲೇ ಬರುತ್ತದೆ. ಪದರ ಗಟ್ಟಿ, ಕೆಲಸ ಅಗ್ಗ. ಆದರೆ ತುಕ್ಕುನೀಲಿಯಲ್ಲಿ ಒಳಗಿನಿಂದ ಬೆಳಕು ಬರುವಂಥ ಆಳವಿತ್ತು, ಅದು ಇದರಲ್ಲಿಲ್ಲ ಎಂಬುದು ನನ್ನ ಅಭಿಪ್ರಾಯ. ಇದನ್ನು ಮನೆಯ ಹಿತ್ತಲಲ್ಲಿ ಪ್ರಯತ್ನಿಸುವ ಮಾತೇ ಇಲ್ಲ. ಆ ಬಿಸಿಯ ಕಾಸ್ಟಿಕ್‌ಗೆ ಒಂದು ಲೋಟ ತಣ್ಣೀರು ಬಿದ್ದರೆ ಸಿಡಿದು ಮೈಮೇಲೆ ಬರುತ್ತದೆ. ಕಣ್ಣು ಹೋದರೆ ಮರಳುವುದಿಲ್ಲ.

ಎಲ್ಲ ಉಕ್ಕೂ ಈ ತೊಟ್ಟಿಗೆ ಒಗ್ಗುವುದೂ ಇಲ್ಲ. 1964ರಲ್ಲಿ ಖರ್ಚು ಇಳಿಸಲು ವಿಂಚೆಸ್ಟರ್ ತನ್ನ 1894ರ ಮಾದರಿಯ ತಯಾರಿಕೆಯನ್ನೇ ಬದಲಿಸಿತು. ಹೊಸ ರಿಸೀವರಿನ ಲೋಹ ಮಾಮೂಲಿ ನೀಲಿಯನ್ನು ಹಿಡಿಯಲಿಲ್ಲ. ಕಾರ್ಖಾನೆ ಬೇರೆ ಬೇರೆ ಲೇಪನಗಳಿಗೆ ಮೊರೆಹೋಗಿ, ಒಂದು ಹಂತದಲ್ಲಿ ರಿಸೀವರಿನ ಮೇಲೆ ತೆಳುವಾಗಿ ಶುದ್ಧ ಕಬ್ಬಿಣದ ಲೇಪ ಕೊಟ್ಟು ಆ ಲೇಪಕ್ಕೆ ನೀಲಿ ಬರಿಸಿತು. ಆ ವರ್ಷಗಳ ರೈಫಲ್ಲನ್ನು ಬಫ್ ಮಾಡಿ ಮಾಮೂಲಿ ತೊಟ್ಟಿಗೆ ಹಾಕಿದರೆ ನೀಲಿಯ ಬದಲು ಕೆಂಪಡರಿದ ಮಸುಕು ಬಣ್ಣ ಬರುತ್ತದೆ.

ಅಮೆರಿಕದ ರೈಫಲ್ಲಿಗಿಂತ ನಮ್ಮ ಮನೆಗಳಲ್ಲಿ ಹೆಚ್ಚು ಇರುವುದು 12 ಬೋರಿನ ಒಂಟಿನಳಿಗೆ, ಜೋಡುನಳಿಗೆ, ಮತ್ತು ಬೆಳೆ ಕಾಯಲು ಪರವಾನಗಿ ಪಡೆದ ಕೇಪಿನ ಬಂದೂಕು. ಮೇಲಿನ ಇಡೀ ಶಾಸ್ತ್ರ ಇವುಗಳಿಗೂ ಅನ್ವಯಿಸುತ್ತದೆ. ಜೋಡುನಳಿಗೆಯವರು ಒಂದು ಮಾತನ್ನು ಬರೆದಿಟ್ಟುಕೊಳ್ಳಬೇಕು. ಗ್ರೀನರ್, ವೆಬ್ಲಿ ಅಂಡ್ ಸ್ಕಾಟ್‌ನಂಥ ಹಳೆಯ ಇಂಗ್ಲಿಷ್ ಬಂದೂಕುಗಳಲ್ಲಿ ಎರಡು ನಳಿಗೆಗಳ ನಡುವಿನ ಪಟ್ಟಿಯನ್ನು ಸೀಸ ಮತ್ತು ತವರದ ಬೆಸುಗೆಯಿಂದ ಕೂರಿಸಿರುತ್ತಾರೆ. ಬಿಸಿ ಕಾಸ್ಟಿಕ್ ದ್ರಾವಣ ಈ ಬೆಸುಗೆಯನ್ನು ತಿನ್ನುತ್ತದೆ. ತೊಟ್ಟಿಯಿಂದ ಹೊರಬಂದಾಗ ನಳಿಗೆಗಳು ಚೆಂದವಾಗಿಯೇ ಕಾಣುತ್ತವೆ. ಆಮೇಲೆ ಪಟ್ಟಿ ಸಡಿಲಾಗುತ್ತದೆ, ಪಟ್ಟಿಯ ಒಳಗೆ ಸಿಕ್ಕಿಕೊಂಡ ಲವಣ ಕಣ್ಣಿಗೆ ಕಾಣದ ಜಾಗದಲ್ಲಿ ಉಕ್ಕನ್ನು ತಿನ್ನುತ್ತ ಹೋಗುತ್ತದೆ. ಜೋಡುನಳಿಗೆಗೆ ನೀಲಿ ಕೊಡಿಸಲೇಬೇಕಾದರೆ ನಿಧಾನದ ತುಕ್ಕುನೀಲಿ ಒಂದೇ ದಾರಿ. ಕುದಿಯುವ ನೀರಿನ ಶಾಖಕ್ಕೆ ಆ ಬೆಸುಗೆ ಕರಗುವುದಿಲ್ಲ.

ಈಗ ಕೈಯಲ್ಲಿರುವ ಬಂದೂಕನ್ನು ಓದುವ ಬಗೆ. ಮೊದಲು, ಅದು ಖಾಲಿ ಇದೆಯೇ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡಿಕೊಳ್ಳಿ. ಆಮೇಲೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಅಕ್ಷರಗಳನ್ನು ನೋಡಿ. ಕಾರ್ಖಾನೆಯ ಹೆಸರು, ನಂಬರು ಕೊರೆದ ಗೆರೆಗಳ ಅಂಚು ಚೂಪಾಗಿದ್ದರೆ ಮೇಲ್ಮೈ ಮೂಲದ್ದು. ಅಕ್ಷರಗಳು ಕರಗಿದಂತೆ ಮಸುಕಾಗಿ, ಆದರೆ ಮೇಲೆ ನೀಲಿ ಮಾತ್ರ ಹೊಚ್ಚ ಹೊಸದಾಗಿದ್ದರೆ ಯಾರೋ ಬಫ್ ಹೊಡೆಸಿ ಮತ್ತೆ ಬಣ್ಣ ಬರಿಸಿದ್ದಾರೆ. ಸ್ಕ್ರೂ ತೂತುಗಳ ಸುತ್ತ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ, ಚೌಕ ಅಂಚುಗಳು ದುಂಡಗಾಗಿದ್ದರೆ ಅದೇ ಕಥೆ. ನೀಲಿಯ ಚೆಲುವಿನಲ್ಲಿ ಮುಕ್ಕಾಲು ಪಾಲು ಅದಕ್ಕೆ ಮುಂಚಿನ ಉಜ್ಜುವಿಕೆಯದು. ಹಳೆಯ ಕಾರ್ಖಾನೆಗಳಲ್ಲಿ ಚಪ್ಪಟೆಯನ್ನು ಚಪ್ಪಟೆಯಾಗಿಯೇ, ಅಂಚನ್ನು ಅಂಚಾಗಿಯೇ ಉಳಿಸಿ ಉಜ್ಜಲು ವರ್ಷಗಟ್ಟಲೆ ಕಲಿತವರಿದ್ದರು. ಹೊಳಪು ಎಷ್ಟು ನುಣುಪೋ ನೀಲಿ ಅಷ್ಟು ನೀಲಿ. ಮೇಲ್ಮೈ ಒರಟಾದರೆ ಅದೇ ಪದರ ಮಂಕು ಕಪ್ಪಾಗಿ ತೋರುತ್ತದೆ.

ಲಿವರ್ ರೈಫಲ್ಲಿನಲ್ಲಿ ರಿಸೀವರಿನ ಕೆಳಭಾಗ, ಅಂದರೆ ಒಂದೇ ಕೈಯಲ್ಲಿ ಹಿಡಿದು ನಡೆಯುವ ಜಾಗ, ಬೆಳ್ಳಿಬೂದಾಗಿ ಸವೆದಿರುತ್ತದೆ. ಜೋಡುನಳಿಗೆಯಲ್ಲಿ ಮುಂಗೈ ಹಿಡಿಯುವಲ್ಲಿ ಹಾಗೆಯೇ. ಉಳಿದೆಡೆ ನೀಲಿ ಹದವಾಗಿ ಕಂದಿಗೆ ತಿರುಗಿರಬಹುದು. ಇದು ರೋಗವಲ್ಲ, ವಯಸ್ಸು. ನಯವಾಗಿ, ಒಣಗಿ, ಬೆರಳಿಗೆ ಅಂಟದ ಕಂದು ಪದರವನ್ನು ಹಾಗೇ ಬಿಡಬೇಕು. ಬೆರಳಿಗೆ ಕೆಂಪು ಪುಡಿ ಹತ್ತಿದರೆ ಮಾತ್ರ ಅದು ಜೀವಂತ ತುಕ್ಕು, ಕೂಡಲೇ ಕೆಲಸ ಶುರುಮಾಡಬೇಕು.

ನೀಲಿಯ ದೊಡ್ಡ ಶತ್ರು ಹುಳಿ. ಆಮ್ಲ ಈ ಕಪ್ಪು ಆಕ್ಸೈಡನ್ನು ಕರಗಿಸುತ್ತದೆ. ಈ ಮಾತು ನಮ್ಮ ಖಂಡೇಪೂಜೆಗೆ ನೇರ ಸಂಬಂಧಪಟ್ಟದ್ದು. ಮಹಾನವಮಿಯಂದು ಮನೆಯ ಕುಡುಗೋಲು, ಕುರಪಿ, ಟ್ರ್ಯಾಕ್ಟರ್ ಜೊತೆಗೆ ಬಂದೂಕನ್ನೂ ಇಟ್ಟು ಪೂಜಿಸುತ್ತೇವೆ. ಹಿಂದಿನ ದಿನ ಹಿತ್ತಾಳೆ ತಿಕ್ಕಿದ ಹುಣಸೆಹಣ್ಣಿನ ಕೈಯಿಂದಲೇ ನಳಿಗೆಯನ್ನೂ ತಿಕ್ಕಿದರೆ ಅಲ್ಲಿಗೆ ನೀಲಿ ಮುಗಿಯಿತು. ಕತ್ತರಿಸಿದ ನಿಂಬೆಹಣ್ಣಿನ ರಸ ಇಳಿದಲ್ಲೆಲ್ಲ ಬಿಳಿ ಗೆರೆ ಬೀಳುತ್ತದೆ. ನೀರಲ್ಲಿ ಕಲಸಿದ ಅರಿಶಿನ, ಕುಂಕುಮ, ಗಂಧ, ವಿಭೂತಿ ಒಣಗುವವರೆಗೂ ತೇವವನ್ನು ಉಕ್ಕಿಗೆ ಒತ್ತಿ ಹಿಡಿಯುತ್ತವೆ. ಒಡೆದ ಕಾಯಿಯ ನೀರಲ್ಲಿ ಉಪ್ಪಿನಂಶ ಇದೆ. ಹೂವಿನ ಮಾಲೆ ನಳಿಗೆಗೆ ಸುತ್ತಿ ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ಅದರ ಗುರುತು ಕಾಣುತ್ತದೆ. ಪೂಜೆ ಬಿಡಬೇಕೆಂದು ನಾನು ಹೇಳುವುದಿಲ್ಲ. ಬಂದೂಕಿಗೆ ಮೊದಲು ಎಣ್ಣೆ ಅಥವಾ ಮೇಣದ ಒರೆಸು ಕೊಡಿ, ಮಡಿಬಟ್ಟೆಯ ಮೇಲೆ ಇಡಿ, ಕುಂಕುಮ ಹೂವನ್ನು ಮರದ ಹಿಡಿಗೆ ಕಟ್ಟಿದ ಬಟ್ಟೆಗೆ ಏರಿಸಿ, ನಿಂಬೆಹಣ್ಣು ಕಾಯಿಗಳನ್ನು ತಟ್ಟೆಯಲ್ಲಿ ದೂರ ಇಡಿ. ಬನ್ನಿ ಮುಡಿಯಲು ಹೊರಡುವ ಮುಂಚೆ ಒರೆಸಿ ಮೇಲೆತ್ತಿಬಿಡಿ.

ಎಣ್ಣೆಯ ಆಯ್ಕೆಯಲ್ಲೂ ಎಚ್ಚರ ಬೇಕು. ಶೇಂಗಾ ಎಣ್ಣೆ ಗಾಳಿಗೆ ಅಂಟಾಗುತ್ತದೆ, ಕುಸುಬೆ ಎಣ್ಣೆ ಕೊನೆಗೆ ವಾರ್ನಿಷ್‌ನಂತೆ ಗಟ್ಟಿಯಾಗುತ್ತದೆ. ಕೊಬ್ಬರಿ ಎಣ್ಣೆ ಕಮಟಾಗುತ್ತ ಹೋದಂತೆ ಅದರಲ್ಲಿ ಆಮ್ಲ ಹುಟ್ಟುತ್ತದೆ. ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಖನಿಜ ಎಣ್ಣೆ ಸಾಕು. ಬಟ್ಟೆಗೆ ನಾಲ್ಕು ಹನಿ ಹಾಕಿ ಹಿಂಡಿ, ಆ ಬಟ್ಟೆಯಿಂದ ಒರೆಸಿ. ನಳಿಗೆ ತೊಯ್ಯುವಷ್ಟು ಸುರಿಯಬೇಡಿ, ಹೆಚ್ಚಾದ ಎಣ್ಣೆ ಹಿಂದಕ್ಕೆ ಹರಿದು ಮರದ ಹಿಡಿಯೊಳಗೆ ಇಳಿದು ಮರವನ್ನು ಮೆದು ಮಾಡುತ್ತದೆ. ಅದೇ ಕಾರಣಕ್ಕೆ ಬಹಳ ದಿನ ಇಡುವಾಗ ನಳಿಗೆಯ ಬಾಯಿ ಕೆಳಗೆ ಮಾಡಿ ನಿಲ್ಲಿಸುವುದು ಲೇಸು. ಮುಟ್ಟಿದ ಪ್ರತಿ ಸಲವೂ ಒರೆಸಿ. ಬೆವರಿನಲ್ಲಿರುವ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕು ಬರೆಯುತ್ತದೆ. ಚರ್ಮದ ಚೀಲದಲ್ಲಿ ಇಡಬೇಡಿ, ಹದ ಮಾಡಿದ ಚರ್ಮದಲ್ಲಿ ಉಳಿದ ಲವಣ, ಆಮ್ಲಗಳು ತೇವದೊಂದಿಗೆ ಸೇರಿ ನಳಿಗೆಯನ್ನು ಕಚ್ಚುತ್ತವೆ. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದರೆ ಒಳಗಿನ ತೇವ ಹೊರಬೀಳದೆ ಬೆವರುತ್ತದೆ. ಕೇಪಿನ ಬಂದೂಕಿನ ಕರಿಮದ್ದಿನ ಮಸಿ ಗಾಳಿಯಿಂದ ನೀರನ್ನು ಎಳೆದುಕೊಳ್ಳುವಂಥದ್ದು, ಅದು ಬರಿ ಎಣ್ಣೆಗೆ ಹೋಗುವುದಿಲ್ಲ. ಹಾರಿಸಿದ ದಿನವೇ ಬಿಸಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು.

ಠಾಣೆಗೆ ಒಪ್ಪಿಸುವ ಮುಂಚೆ ಎಣ್ಣೆಗಿಂತ ಮೇಣ ಒಳ್ಳೆಯದು. ಎಣ್ಣೆ ದಿನ ಕಳೆದಂತೆ ಇಳಿದುಹೋಗುತ್ತದೆ, ಮೇಣ ನಿಲ್ಲುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಆಯುಧಗಳಿಗೆ ಹಚ್ಚುವ ಮೈಕ್ರೋಕ್ರಿಸ್ಟಲೈನ್ ಮೇಣ ಸಿಕ್ಕರೆ ತೆಳ್ಳಗೆ ಸವರಿ, ಹತ್ತು ನಿಮಿಷ ಬಿಟ್ಟು, ಮೆತ್ತನೆಯ ಬಟ್ಟೆಯಿಂದ ತಿಕ್ಕಿ. ಎರಡೂ ಕಡೆಯ ಫೋಟೊ ತೆಗೆದಿಟ್ಟುಕೊಳ್ಳಿ. ತಿರುಗಿ ಬಂದಾಗ ಕೆಂಪು ಮಚ್ಚೆ ಕಂಡರೆ ಮರಳು ಕಾಗದ ಮುಟ್ಟಬೇಡಿ, ತುಕ್ಕು ತೆಗೆಯುವ ದ್ರಾವಣ ಬೇಡ. ಅದರಲ್ಲಿನ ಫಾಸ್ಫಾರಿಕ್ ಆಮ್ಲಕ್ಕೆ ತುಕ್ಕು ಯಾವುದು, ನೀಲಿ ಯಾವುದು ಎಂಬ ಭೇದವಿಲ್ಲ. ಮಚ್ಚೆಯ ಮೇಲೆ ಎಣ್ಣೆ ಹಾಕಿ ಒಂದು ದಿನ ನೆನೆಯಲು ಬಿಡಿ. ಮರುದಿನ ತಾಮ್ರದ ಹಳೆಯ ತುಣುಕಿನ ದುಂಡು ಅಂಚಿನಿಂದ ಮೆಲ್ಲಗೆ ಕೆರೆಯಿರಿ. ತಾಮ್ರ ಸಡಿಲ ತುಕ್ಕನ್ನು ಎಬ್ಬಿಸಬಲ್ಲದು, ಆದರೆ ಮ್ಯಾಗ್ನೆಟೈಟ್ ಅದಕ್ಕಿಂತ ಗಡಸು, ಹಾಗಾಗಿ ನೀಲಿಗೆ ಗೀರು ಬೀಳುವುದಿಲ್ಲ. ಕೆಂಪೆಲ್ಲ ಹೋದ ಮೇಲೆ ಅಲ್ಲಿ ಕರಿ ಚುಕ್ಕೆ ಉಳಿದರೆ ಉಳಿಯಲಿ.

ಬಾಟಲಿಯಲ್ಲಿ ಸಿಗುವ ತಣ್ಣನೆಯ ನೀಲಿ ದ್ರಾವಣಗಳ ಬಗ್ಗೆಯೂ ಕೇಳುತ್ತಾರೆ. ಅವುಗಳಿಂದ ಕಬ್ಬಿಣದ ಆಕ್ಸೈಡ್ ಹುಟ್ಟುವುದಿಲ್ಲ. ಸೆಲೆನಿಯಂ ಮತ್ತು ತಾಮ್ರದ ಕಪ್ಪು ಸಂಯುಕ್ತವೊಂದು ಮೇಲೆ ಕೂರುತ್ತದೆ, ಬೇಗ ಸವೆಯುತ್ತದೆ. ದ್ರಾವಣ ವಿಷಕಾರಿ. ಸ್ಕ್ರೂ ತಲೆಯ ಗೀರು ಮುಚ್ಚಲು ಒಂದು ಹನಿ ಆದೀತು, ಇಡೀ ನಳಿಗೆಗೆ ಖಂಡಿತ ಬೇಡ.

ಕಾನೂನಿನ ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. 1959ರ ಆಯುಧ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕು ರಿಪೇರಿ ಮಾ​ಡುವವರಿಗೂ ಪರವಾನಗಿ ಬೇಕು. ಒರೆಸುವುದು, ಎಣ್ಣೆ ಹಚ್ಚುವುದು ಮಾಲೀಕರ ಕೆಲಸ. ಲೇತ್ ಅಂಗಡಿಗೆ ಬಂದೂಕು ಒಯ್ದು ಕೊಡುವುದು ಇಬ್ಬರನ್ನೂ ಕಷ್ಟಕ್ಕೆ ಸಿಕ್ಕಿಸುತ್ತದೆ. ಅದೇ ಕಾಯ್ದೆಯ 8ನೇ ಕಲಮು ಬಂದೂಕಿನ ಮೇಲಿನ ಹೆಸರು, ನಂಬರು, ಗುರುತುಗಳನ್ನು ಅಳಿಸುವುದನ್ನು ನಿಷೇಧಿಸುತ್ತದೆ. ಬಫ್ ಚಕ್ರದಡಿ ನಂಬರು ಮಸುಕಾದರೆ ಲೈಸೆನ್ಸ್ ಪುಸ್ತಕದಲ್ಲಿರುವ ಬಂದೂಕು ಇದೇ ಎಂದು ತೋರಿಸುವುದು ಹೇಗೆ? ಬೇಟೆಯಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ಮುಗಿದ ಅಧ್ಯಾಯ. ಬೆಳೆ ರಕ್ಷಣೆಗೆ ಕೊಟ್ಟ ಪರವಾನಗಿ ಬಂದೂಕು ಇಟ್ಟುಕೊಳ್ಳಲು ಕೊಟ್ಟದ್ದು. ಹಂದಿ, ಜಿಂಕೆ, ನವಿಲಿಗೆ ಗುಂಡು ಹಾರಿಸಲು ಕೊಟ್ಟದ್ದಲ್ಲ. ಖಾಸಗಿಯವರಿಗೆ ವಿದೇಶಿ ಬಂದೂಕಿನ ಆಮದು 1980ರ ದಶಕದಿಂದ ಬಹುತೇಕ ನಿಂತಿದೆ. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು. ಇರುವ ಹಳೆಯ ಬಂದೂಕುಗಳು ಇಷ್ಟೇ. ಅವುಗಳ ಮೂಲ ಮೇಲ್ಮೈಯನ್ನು ಉಜ್ಜಿ ಕಳೆದರೆ ತಂದುಕೊಡಲು ಎಲ್ಲಿಯೂ ದಾಸ್ತಾನಿಲ್ಲ.

ಹಾಗಾದರೆ ಮತ್ತೆ ನೀಲಿ ಕೊಡಿಸುವುದು ಎಂದೂ ಸರಿಯಲ್ಲವೇ? ಸರಿಯಾಗುವ ಸಂದರ್ಭ ಇದೆ. ಮೂಲ ನೀಲಿ ಎಲ್ಲೂ ಉಳಿದಿಲ್ಲ, ಹಿಂದೆ ಯಾರೋ ಪೇಂಟ್ ಬಳಿದಿದ್ದಾರೆ, ತುಕ್ಕು ಉಕ್ಕಿನೊಳಗೆ ಗುಳಿ ತೋಡುತ್ತಿದೆ ಎಂದಾಗ ಕೊಡಿಸಬಹುದು. ಗುಳಿ ಆಳವಾಗಿದ್ದರೆ ಬಣ್ಣದ ಮಾತಿಗಿಂತ ಮುಂಚೆ ಆ ನಳಿಗೆ ಹಾರಿಸಲು ಯೋಗ್ಯವೇ ಎಂದು ತೋರಿಸಿಕೊಳ್ಳಬೇಕು. ಪರವಾನಗಿ ಇರುವ ಕಸುಬುದಾರರನ್ನೇ ಹುಡುಕಿ, ಕೆಲಸ ಕೊಡುವ ಮುಂಚೆ ಮೂರು ಪ್ರಶ್ನೆ ಕೇಳಿ. ಉಜ್ಜುವುದು ಕೈಯಿಂದಲೋ ಚಕ್ರದಿಂದಲೋ, ನಂಬರು ಮತ್ತು ಹೆಸರಿನ ಜಾಗವನ್ನು ಹೇಗೆ ಕಾಪಾಡುತ್ತೀರಿ, ನೀಲಿ ತೊಟ್ಟಿಯದೋ ತುಕ್ಕಿನದೋ. ಜೋಡುನಳಿಗೆಗೆ ತೊಟ್ಟಿ ಎಂದು ಉತ್ತರ ಬಂದರೆ ಬಂದೂಕನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಬನ್ನಿ. ಒಪ್ಪಿಗೆಯಾದರೆ ನಂಬರಿನ ಸಮೀಪದ ಫೋಟೊ ತೆಗೆದು, ಲೈಸೆನ್ಸಿನ ಪ್ರತಿ ಕೊಟ್ಟು, ಬಂದೂಕಿನ ನಂಬರು ಮತ್ತು ಒಪ್ಪಿಸಿದ ದಿನಾಂಕ ಬರೆದ ರಸೀದಿಯನ್ನು ಕೈಗೆ ತೆಗೆದುಕೊಂಡೇ ಹೊರಡಿ.